ಲ್ಯಾಬಿನ ತೆರೆಯ ಮೇಲೆ ‘ಉಂಡು’

ಮೊದಲೇ ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವಳು ನಾನು. ಸುಮ್ಮನೆ ಎದ್ದು ಹೋಗಿದ್ದರೆ ಪರವಾಗಿರಲಿಲ್ಲ, ಹೋಗುವಾಗ ಒಂದು ಮಾತು ಚುಚ್ಚಿಯೇ ಹೋಗುತ್ತಿದ್ದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವುದು ನನ್ನ ಬಾಯಿಪಾಠವಾಗಿತ್ತು. ನಮ್ಮ ಕ್ಯಾಂಪಸ್ಸಿನ ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದು ಕಂಡು, “ಇದು ವೈರಸ್ ಬರದ ಹಾಗೆ ಕಟ್ಟಿದ್ದಾ ಸಾರ್?” ಎಂದು ಕೇಳಿ ಮೊದಲ ದಿನವೇ ಬೈಸಿಕೊಂಡವಳು. ಹಾಗಾಗಿ ಇದನ್ನು ಓದುತ್ತಾ ನೀವು ಅರ್ಧಕ್ಕೇ ಎದ್ದು ಹೋದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆಂಧ್ರದ ಹಿಂದೂಪುರದಲ್ಲಿ ಡಿಗ್ರಿಗೆ ಸೇರಿದ ಹೊಸತು. ಅಲ್ಲಿಯವರೆಗೆ ನಾನು ಕಂಪ್ಯೂಟರನ್ನು ಮುಟ್ಟಿದ್ದು ಕಡಿಮೆ. ನಮ್ಮ ಹೈಸ್ಕೂಲಿನಲ್ಲಿ ಒಂದಿತ್ತು, ಅದಕ್ಕೆ ಆಯುಧಪೂಜೆಯ ದಿನ ಕುಂಕುಮ ಇಡುತ್ತಿದ್ದರು, ಉಳಿದ ದಿನ ಬಟ್ಟೆ ಹೊದಿಸಿ ಇಡುತ್ತಿದ್ದರು. ಇಲ್ಲಿ ನೋಡಿದರೆ ಸಾಲು ಸಾಲು. ಚಪ್ಪಲಿ ಹೊರಗೆ ಬಿಡಬೇಕು, ಫೋನನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡಬೇಕು. ಪ್ರತಿಯೊಬ್ಬರಿಗೂ ಒಂದು ಐಡಿ, ಒಂದು ಪಾಸ್‌ವರ್ಡ್. ಅದನ್ನು ಹಾಕಿದರೆ ಲ್ಯಾಬಿನ ಯಾವ ಸಿಸ್ಟಮ್ ಮುಂದೆ ಕೂತರೂ ನಾವು ಬರೆದಿಟ್ಟದ್ದು ನಮ್ಮನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತಿತ್ತು. ನಿನ್ನೆ ಕಿಟಕಿ ಪಕ್ಕ ಕೂತು ಬರೆದದ್ದು ಇವತ್ತು ಗೋಡೆ ಪಕ್ಕ ಸಿಗುತ್ತದಲ್ಲ ಎಂದು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ಲ್ಯಾಬ್ ಸಾರ್ ನಕ್ಕು, ಎಲ್ಲವೂ ಆ ಗಾಜಿನ ಕೋಣೆಯ ಸರ್ವರಿನಲ್ಲಿ ಇರುತ್ತದಮ್ಮ, ನಿನ್ನದನ್ನು ನಿನ್ನ ಹೊರತು ಬೇರೆ ಯಾರೂ ತೆರೆಯಲಾರರು ಎಂದಿದ್ದರು.

ಈಗ ನನ್ನ ಅಜ್ಜಿಯ ವಿಷಯ ಹೇಳಬೇಕು. ಅಪ್ಪ ಅಮ್ಮ ಇಬ್ಬರೂ ನನಗೆ ಬುದ್ಧಿ ಬರುವ ಮೊದಲೇ ಹೋದರು. ನನ್ನನ್ನು ಸಾಕಿದವಳು ಅಮ್ಮನ ತಾಯಿ. ಆಂಧ್ರದ ಗಡಿಯಲ್ಲಿ, ಬ್ರಹ್ಮಸಮುದ್ರದ ಕಡೆಯ ಹಳ್ಳಿ. ಮನೆಯಲ್ಲಿ ಅಜ್ಜಿ, ಮಾವ, ಅತ್ತೆ, ನಾನು. ಅಜ್ಜಿ, ಮಾವ ಕನ್ನಡ. ಅತ್ತೆ ತೆಲುಗು ಮನೆಯಿಂದ ಬಂದವರು. ಅಜ್ಜಿ ಬೈಯುವುದು ಕನ್ನಡದಲ್ಲಿ, ಸಂತೆಯಲ್ಲಿ ಚೌಕಾಸಿ ಮಾಡುವುದು ತೆಲುಗಿನಲ್ಲಿ, ದೇವರಿಗೆ ಕೈ ಮುಗಿಯುವಾಗ ಬಾಯಿಗೆ ಯಾವುದು ಬಂತೋ ಅದರಲ್ಲಿ. ಓದು ಬರಹ ಮಾತ್ರ ಎರಡರಲ್ಲೂ ಇಲ್ಲ.

ಅವಳಿಗೆ ಒಂದು ಹಟವಿತ್ತು. ಮನೆಗೆ ಬಂದವರು ಯಾರೇ ಇರಲಿ, “ಉಂಡು ಹೋಗು” ಎನ್ನದೆ ಬಿಡುತ್ತಿರಲಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನಿಗೂ ಅದೇ, ಆಡು ಹುಡುಕಿಕೊಂಡು ಬಂದವನಿಗೂ ಅದೇ. ಒಮ್ಮೆ ಬದುವಿನ ವಿಷಯಕ್ಕೆ ಪಕ್ಕದ ಹೊಲದವನು ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಕೂಗಾಡಿದ. ಅಜ್ಜಿ ಅವನನ್ನು ಒಳಗೆ ಕರೆದು ಕೂರಿಸಿ, ಮುದ್ದೆ ಇಕ್ಕಿ, ಅವನು ಕೈ ತೊಳೆದ ಮೇಲೆ, “ಹ್ಞೂಂ, ಈಗ ಬಯ್ಯಿ ಕಣಪ್ಪ. ಹಸ್ಕಂಡು ಎಷ್ಟೊತ್ತು ಅಂತ ಬಯ್ಯೀಯ?” ಎಂದಳು. ಅವನು ತಲೆ ಕೆರೆದುಕೊಂಡು ಹೋದ.

ನಾನು ಕಾಲೇಜಿಗೆ ಸೇರಿದ ಮೇಲೆ ಮಾವ ಕೆಲಸಕ್ಕಾಗಿ ಕಲ್ಯಾಣದುರ್ಗದಲ್ಲಿ ಬಾಡಿಗೆ ಮನೆ ಮಾಡಿದರು. ಅಜ್ಜಿಯೂ ಅಲ್ಲಿಗೆ ಹೋದಳು. ನಾನು ಹಿಂದೂಪುರದ ಹಾಸ್ಟೆಲಿನಲ್ಲಿದ್ದೆ. ಆ ವಾರ ಅಜ್ಜಿಗೆ ಜ್ವರ ಎಂದು ಮಾವ ಫೋನ್ ಮಾಡಿದ್ದರು. “ಗಾಬ್ರಿ ಬೀಳ್ಬೇಡ ಕಣಮ್ಮ, ಡಾಕ್ಟ್ರು ಸೂಜಿ ಹಾಕವ್ರೆ. ಭಾನುವಾರ ಬಂದ್ರೆ ಸಾಕು,” ಎಂದಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ದಿನ ಮಧ್ಯಾಹ್ನ ಊಟದ ನಂತರ ಲ್ಯಾಬಿನಲ್ಲೇ ನಮಗೆ ಮೊದಲ ಪರೀಕ್ಷೆ. ಬೆಳಿಗ್ಗೆಯೇ ಹೋಗಿ ಟೈಪಿಂಗ್ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಸಿಸ್ಟಮ್‌ನಲ್ಲಿ ಚಿಲಮತ್ತೂರಿನ ಲಾವಣ್ಯ. ಅವಳು ನನ್ನ ಹಾಸ್ಟೆಲ್ ಗೆಳತಿ, ಮನೆಮಾತು ತೆಲುಗು. ಉಳಿದವರು ಒಬ್ಬೊಬ್ಬರಾಗಿ ಊಟಕ್ಕೆ ಎದ್ದು ಹೋಗಿದ್ದರು. ನಾನು ಪುಸ್ತಕ ನೋಡಿಕೊಂಡು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಹೊಡೆಯುತ್ತಿದ್ದೆ. ಪುಟ ತಿರುಗಿಸಲು ಕೀಲಿಗಳ ಮೇಲಿನಿಂದ ಎರಡೂ ಕೈ ತೆಗೆದೆ. ತಲೆ ಎತ್ತಿದರೆ, ನನ್ನ ಇಂಗ್ಲಿಷ್ ಸಾಲುಗಳ ಕೆಳಗೆ ಒಂದೇ ಒಂದು ಪದ ಇತ್ತು.

ಉಂಡು.

ನಾನು ಕೈ ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಲಾವಣ್ಯ ಬಗ್ಗಿದಳು. “ಎವರೇ ಅದಿ? ಉಂಡು ಅಂಟಾಂದಿ!” ಯಾರೇ ಅದು, ‘ಇರು’ ಅನ್ನುತ್ತಿದೆಯಲ್ಲ ಎಂದು ಅವಳಿಗೆ ನಗು. ನನ್ನನ್ನು ಯಾರೋ ಹುಡುಗ ಆಟ ಆಡಿಸುತ್ತಿದ್ದಾನೆ ಎಂದುಕೊಂಡಳು.

ತೆಲುಗು ಬಾರದವರಿಗೆ ಹೇಳುತ್ತೇನೆ. ತೆಲುಗಿನಲ್ಲಿ ‘ಉಂಡು’ ಎಂದರೆ ಇರು, ತಾಳು, ಹೋಗಬೇಡ ಎಂದು. ಅದು ಪೂರ್ತಿ ಮಾತು. ನಾನು ಮಾತ್ರ ಅದನ್ನು ಹಾಗೆ ಓದಿರಲಿಲ್ಲ. ಕನ್ನಡವಾಗಿ ಓದಿದ್ದೆ. ಊಟ ಮಾಡಿ ಎನ್ನುವ ಉಂಡು. ಕನ್ನಡದಲ್ಲಿ ಅದು ಅರ್ಧ ಮಾತು, ಮುಂದೆ ಇನ್ನೇನೋ ಬರಬೇಕು. ಉಂಡು ಹೋಗು. ಉಂಡು ಬಾ. ಆ ಮುಂದಿನದು ತೆರೆಯ ಮೇಲೆ ಇರಲಿಲ್ಲ.

“ಸಾರ್!” ಎಂದು ಕೂಗಿದೆ. ಲ್ಯಾಬ್ ಸಾರ್ ಗಾಜಿನ ಕೋಣೆಯಿಂದ ಹೊರಬಂದು ಇನ್ನೂ ನಮ್ಮ ಸಾಲು ತಲುಪಿರಲಿಲ್ಲ, ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಮತ್ತೆ ತೆರೆದು ನೋಡಿದರೆ ಆ ಪದವೂ ಇಲ್ಲ, ನಾನು ಹೊಡೆದ ಪ್ಯಾರಾವೂ ಇಲ್ಲ. ಸೇವ್ ಮಾಡಿರಲಿಲ್ಲವಲ್ಲ. ಸಾರ್ ಪಾಪ, ನಂಬದಿದ್ದರೂ ಕೂತು ಎಲ್ಲ ನೋಡಿದರು. ಈ ಲ್ಯಾಬಿನಲ್ಲಿ ತೆಲುಗು ಅಕ್ಷರವನ್ನೇ ಇನ್ನೂ ಹಾಕಿಸಿಲ್ಲ, ಕನ್ನಡ ಎಲ್ಲಿಂದ ಬರಬೇಕು ಎಂದರು. ಯಾವ ಅಕ್ಷರದಲ್ಲಿತ್ತು ಎಂದು ಕೇಳಿದರು. ಲಾವಣ್ಯ ತೆಲುಗು ಎಂದಳು, ನಾನು ಕನ್ನಡ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಇದು ಗಡಿಯ ಊರುಗಳಲ್ಲಿ ಇರದವರಿಗೆ ತಮಾಷೆಯಾಗಿ ಕಾಣಬಹುದು. ಎರಡೂ ಲಿಪಿ ಅಕ್ಕತಂಗಿಯರ ಹಾಗೆ. ಈ ಪದದಲ್ಲಂತೂ ವ್ಯತ್ಯಾಸ ಇರುವುದು ‘ಡ’ಕಾರದ ತಲೆಯ ಮೇಲೆ ಮಾತ್ರ. ಕನ್ನಡದಲ್ಲಿ ತಲೆಕಟ್ಟು ಅಡ್ಡಕ್ಕೆ ಹೋಗುತ್ತದೆ, ತೆಲುಗಿನಲ್ಲಿ ಟೀಚರ್ ಹಾಕುವ ರೈಟ್ ಗುರುತಿನ ಹಾಗೆ ಮೇಲಕ್ಕೆ ಹೋಗುತ್ತದೆ. ಚಿಕ್ಕಂದಿನಿಂದ ಎರಡನ್ನೂ ಓದಿದ ನಮ್ಮಂಥವರು ಆ ತಲೆಯನ್ನು ನೋಡುವುದೇ ಇಲ್ಲ. ಅರ್ಥ ನೇರ ಒಳಗೆ ಹೋಗಿಬಿಡುತ್ತದೆ. ಬಸ್ಸಿನ ಬೋರ್ಡು ಓದಿ ಹತ್ತಿ ಕೂತ ಮೇಲೆ, ಅದು ಯಾವ ಲಿಪಿಯಲ್ಲಿತ್ತು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಅಯ್ಯೋ, ಅವತ್ತು ಒಂದು ಕ್ಷಣ ಆ ತಲೆಕಟ್ಟನ್ನು ನೋಡಿದ್ದರೆ! ಈಗಲೂ ಕಣ್ಣು ಮುಚ್ಚಿದರೆ ಪದ ಕಾಣುತ್ತದೆ, ಅದರ ತಲೆ ಕಾಣುವುದಿಲ್ಲ.

ಹೊರಗೆ ಬಂದು ಗೂಡಿನಿಂದ ಫೋನ್ ತೆಗೆದೆ. ಯಾರೂ ಕರೆ ಮಾಡಿರಲಿಲ್ಲ. ನಾನೇ ಮಾವನಿಗೆ ಮಾಡಿದೆ. “ಚೆನ್ನಾಗವ್ಳೆ ಕಣೇ. ಗಂಜಿ ಕುಡ್ದು ಗೋಡೆಗೆ ಒರಗ್ಕಂಡು ಕುಂತವ್ಳೆ. ಯಾಕೆ, ಏನಾಯ್ತು?” ಎಂದರು. ಏನೂ ಇಲ್ಲ ಎಂದೆ. ಏನಂತ ಹೇಳಲಿ? ಲಾವಣ್ಯ ನನ್ನ ಕೈ ಹಿಡಿದುಕೊಂಡಳು. ಅಜ್ಜಿ ಚೆನ್ನಾಗಿದ್ದಾರೆ ಎನ್ನುತ್ತಿದ್ದಾರೆ, ಪರೀಕ್ಷೆ ಮುಖ್ಯ, ದೆವ್ವವೋ ದೇವರೋ ಅದೇ ‘ಉಂಡು’, ಹೋಗಬೇಡ ಎಂದು ಹೇಳಿದೆಯಲ್ಲೇ ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ದಿನವಾಗಿದ್ದರೆ ನಾನೇ ಅವಳಿಗಿಂತ ಜೋರಾಗಿ ಅದನ್ನು ಹೇಳುತ್ತಿದ್ದೆ.

ಆದರೆ ನನ್ನನ್ನು ಎದೆಗೆ ಹಾಕಿಕೊಂಡು ಬೆಳೆಸಿದವಳು ಒಂದು ಮಾತು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ್ದಾಳೆ, ಉಳಿದದ್ದನ್ನು ಈಗ ಕೇಳದಿದ್ದರೆ ಮತ್ತೆ ಕೇಳಲಾರೆ ಎನ್ನಿಸಿತು. ಯಾಕೆ ಎನ್ನಿಸಿತು ಎಂದು ಕೇಳಬೇಡಿ. ಊಟವನ್ನೂ ಬಿಟ್ಟು ಪರೀಕ್ಷೆಯನ್ನೂ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ.

ಮಡಕಶಿರಾ ದಾಟಿ, ಪಾವಗಡದಲ್ಲಿ ಇಳಿದು, ಅಲ್ಲಿಂದ ಕಲ್ಯಾಣದುರ್ಗದ ಬಸ್ಸು. ಆಂಧ್ರದಿಂದ ಹೊರಟು ಕರ್ನಾಟಕದೊಳಗೆ ಹೊಕ್ಕು ಮತ್ತೆ ಆಂಧ್ರಕ್ಕೆ ಬರುವ ದಾರಿ. ಎಷ್ಟೋ ಸಲ ಓಡಾಡಿದ್ದೆ. ಆ ದಿನ ಮಾತ್ರ ಕಿಟಕಿಗೆ ಅಂಟಿಕೊಂಡು ಅಂಗಡಿಗಳ ಬೋರ್ಡು ನೋಡುತ್ತಾ ಹೋದೆ, ಎಲ್ಲಿ ಅಕ್ಷರದ ತಲೆ ಬದಲಾಗುತ್ತದೆ ಎಂದು. ನೋಡುತ್ತಲೇ ಇದ್ದೆ, ಆದರೂ ಯಾವ ಊರಿನಲ್ಲಿ ಬದಲಾಯಿತು ಎಂದು ತಿಳಿಯಲಿಲ್ಲ.

ಕಂಪ್ಯೂಟರಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಆಮೇಲೆ ಓದು ಮುಂದುವರಿದು, ನಾನೇ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದೆ. ಒಂದು ತೆರೆಯ ಮೇಲೆ ಇನ್ನೊಬ್ಬರು ಅಕ್ಷರ ಮೂಡಿಸುವ ದಾರಿಗಳು ಎಷ್ಟಿವೆ ಎಂದು ಈಗ ನನಗೆ ಗೊತ್ತು. ಗಾಜಿನ ಕೋಣೆಯಿಂದ ಮಾಡಬಹುದು, ಪಕ್ಕದ ಬಿಲ್ಡಿಂಗಿನಿಂದಲೂ ಮಾಡಬಹುದು. ಅಕ್ಷರ ಇಲ್ಲದ ಸಿಸ್ಟಮ್‌ಗೆ ಚಿತ್ರವಾಗಿ ಕಳಿಸಬಹುದು. ಯಾರೋ ತರಲೆ ಮಾಡಿದರು ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಲು ನಾನು ತಯಾರಾಗಿಯೇ ಇದ್ದೇನೆ. ಆದರೆ ಸಾವಿರ ಮಾತುಗಳಿದ್ದವಲ್ಲ, ಆ ತರಲೆಗೆ ಇದೇ ಯಾಕೆ ಬೇಕಿತ್ತು? ಇನ್ನೊಂದು ಕಡೆ, ಇದು ಅಜ್ಜಿಯೇ ಎನ್ನಲೂ ನನಗೆ ಬಾಯಿ ಬರುವುದಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದವಳು ಯಾವ ಲಿಪಿಯಲ್ಲಿ ಬರೆದಾಳು?

ದೀಪ ಹಚ್ಚುವ ಹೊತ್ತಿಗೆ ಕಲ್ಯಾಣದುರ್ಗದ ಮನೆ ತಲುಪಿದೆ. ಅತ್ತೆ ಬಾಗಿಲಲ್ಲೇ ಸಿಕ್ಕರು. ನನ್ನನ್ನು ಕಂಡು ಬೆಚ್ಚಿ, ದನಿ ತಗ್ಗಿಸಿ ಹೇಳಿದರು: “ಮಧ್ಯಾನ್ನಂ ನಿಂಚಿ ವಾಕಿಲಿ ತಟ್ಟು ಚೂಸ್ಕೋನಿ ಉಂಡು, ಉಂಡು ಅಂಟಾನೇ ಉಂದಮ್ಮಾ.” ಮಧ್ಯಾಹ್ನದಿಂದ ಬಾಗಿಲ ಕಡೆ ನೋಡಿಕೊಂಡು ‘ಇರು, ಇರು’ ಎನ್ನುತ್ತಲೇ ಇದ್ದಾಳಂತೆ.

ಒಳಗಿದ್ದ ಮಾವ ಅದನ್ನು ಕೇಳಿಸಿಕೊಂಡು ರೇಗಿದರು. “ತೆಲುಗು ಅಲ್ಲ ಕಣೇ ಅದು, ನಮ್ಮವ್ವನ ಮಾತು ನಂಗೊತ್ತಿಲ್ವಾ? ಉಂಡು ಹೋಗು ಅಂತ ಅವ್ಳು ಯಾರಿಗೆ ಅಂದಿಲ್ಲ?” ಎಂದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅಜ್ಜಿ ಬಾಗಿಲಿಗೆ ಮುಖ ಮಾಡಿ ಗೋಡೆಗೆ ಒರಗಿ ಕೂತಿದ್ದಳು. ಜ್ವರ ಬಿಟ್ಟಿತ್ತು. ಕಣ್ಣು ನಿಚ್ಚಳವಾಗಿತ್ತು. “ಬಂದ್ಯಾ ನನ್ನವ್ವ?” ಎಂದು ನನ್ನ ಗಲ್ಲ ಸವರಿದಳು. “ಮೊಕ ನೋಡು ಹೆಂಗೆ ಬಾಡೈತೆ. ಬೆಳಿಗ್ಗಿಂದ ಏನೂ ಉಂಡಿಲ್ಲ ನೀನು.” ಅತ್ತೆಯ ಕಡೆ ತಿರುಗಿ, “ದಾನಿಕಿ ಸಂಗಟಿ ಪೆಟ್ಟಮ್ಮಾ,” ಎಂದಳು. ಅವಳಿಗೆ ಮುದ್ದೆ ಇಕ್ಕು ಎಂದು. ಆಗ ನನಗೆ ಬಂದ ಅಳು ಅಷ್ಟಿಷ್ಟಲ್ಲ. ಇವಳು ಇದ್ದಾಳೆ, ಚೆನ್ನಾಗಿದ್ದಾಳೆ, ನಾನೊಬ್ಬಳು ಹುಚ್ಚಿ ಪರೀಕ್ಷೆ ಬಿಟ್ಟು ಓಡಿಬಂದೆ ಎಂದು ಅಳುತ್ತಲೇ ನಗು ಬಂತು.

ತಟ್ಟೆ ಹಿಡಿದು ಅವಳ ಪಕ್ಕದಲ್ಲೇ ಕೂತೆ. ಮುದ್ದೆ, ಹುರುಳಿಕಾಳಿನ ಸಾರು. ಹಸಿವೆಗೆ ಗಬಗಬನೆ ನುಂಗುತ್ತಿದ್ದೆ. “ನಿಧಾನಕ್ಕೆ ಉಣ್ಣೇ, ಮುದ್ದೆ ಎದ್ದು ಓಡೋಯ್ತದಾ?” ಎಂದು ಬೈದಳು. ಸಾರು ಸಾಕು ಎಂದರೆ ಇನ್ನೊಂದು ಸೌಟು ಹಾಕಿಸಿದಳು. ಉಣ್ಣುವಷ್ಟು ಹೊತ್ತೂ ಅವಳ ಕೈ ನನ್ನ ಮಂಡಿಯ ಮೇಲೆ ಇತ್ತು. ಮಧ್ಯೆ ಒಂದೆರಡು ಸಲ ಬಾಗಿಲ ಕಡೆ ನೋಡಿ, ಸಾಲಿನಲ್ಲಿ ನಿಂತವರಿಗೆ ‘ತಾಳಿ’ ಎನ್ನುವ ಹಾಗೆ ಅಂಗೈ ಎತ್ತಿ ಸನ್ನೆ ಮಾಡಿದಳು. ನಾನು ಕಂಡರೂ ಕಾಣದ ಹಾಗೆ ಉಣ್ಣುತ್ತಿದ್ದೆ. ತಟ್ಟೆಯಿಂದ ಕಣ್ಣೆತ್ತಲು ನನಗೆ ಭಯವಾಗಿತ್ತು, ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಕೊನೆಯ ತುತ್ತು ಮುಗಿಯಿತು. ತಟ್ಟೆಯಲ್ಲೇ ಕೈ ತೊಳೆದೆ. ಅಜ್ಜಿ ತನ್ನ ಸೆರಗಿನಿಂದ ನನ್ನ ಬಾಯಿ ಒರೆಸಿದಳು. ಅದೇ ಸೆರಗನ್ನು ಹೊರಗೆ ಹೊರಟವರ ಹಾಗೆ ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ನನ್ನನ್ನು ದಾಟಿ ಬಾಗಿಲ ಕಡೆ ನೋಡಿ, ಮನೆಯವರೊಬ್ಬರನ್ನು ಮಾತಾಡಿಸುವಷ್ಟೇ ಸಲಿಗೆಯಿಂದ ಹೇಳಿದಳು:

“ಉಂಡ್ಲು ಕಣಪ್ಪ. ಇನ್ನ ನಡಿ, ಹೋಗಾನ.”

ನಾನು ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಅವಳ ತಲೆ ಗೋಡೆಗೆ ವಾಲಿ, ಕಣ್ಣು ಮುಚ್ಚಿತ್ತು. ಅಜ್ಜಿಯೂ ಇರಲಿಲ್ಲ.