ಓಬಕ್ಕನ ಕಾವಲಿ ಕೋರ್ಟಿಗೆ ಹೋದದ್ದು

ಓಬಕ್ಕ ವಿಚ್ಛೇದನ ಕೇಳಿದ್ದು ಹೊಡೆತಕ್ಕಲ್ಲ, ಕುಡಿತಕ್ಕೂ ಅಲ್ಲ. ಹರಿಹರದಲ್ಲಿ ಅವಳೂ ಗಂಡ ತೋಟಪ್ಪನೂ ಬೆಣ್ಣೆ ದೋಸೆ ಹೋಟೆಲು ನಡೆಸುತ್ತಿದ್ದರು. ಗಲ್ಲಾದಲ್ಲಿ ಅವನು, ಒಲೆಯ ಮುಂದೆ ಇವಳು. ದಿನವಿಡೀ "ಎರಡು ಬೆಣ್ಣೆ, ಒಂದು ಖಾಲಿ ದೋಸೆ" ಎಂದು ಕೂಗಿ ಕೂಗಿ ತೋಟಪ್ಪನಿಗೆ ಬೇರೆ ಮಾತೇ ಮರೆತುಹೋಗಿತ್ತು. ಮನೆಗೆ ಬಂದರೂ ಅದೇ ದನಿ: "ಒಂದು ಊಟ, ಮಜ್ಜಿಗೆ ಬ್ಯಾರೆ!" ಅವಳು ಜ್ವರದಲ್ಲಿ ಮಲಗಿದ್ದ ದಿನ ಬಾಗಿಲಲ್ಲಿ ನಿಂತು "ಒಂದು ಗುಳಿಗೆ!" ಎಂದು ಒಳಗೆ ಕೂಗಿದನಂತೆ. ಒಳಗೆ ಅವಳ ಹೊರತು ಯಾರೂ ಇರಲಿಲ್ಲ.

ಅವರ ಹೋಟೆಲಿನ ಹಳೆಯ ಗಿರಾಕಿಯಾದ ನನಗೆ ಅವಳು ಸೋಮವಾರ ಹರಿಹರೇಶ್ವರನ ಗುಡಿಯಲ್ಲಿ ಸಿಗುತ್ತಿದ್ದಳು. ಅರ್ಧ ಹರಿ, ಅರ್ಧ ಹರನಾಗಿ ನಿಂತ ದೇವರನ್ನು ನೋಡಿ ಒಮ್ಮೆ ಕೇಳಿದಳು: "ಇಬ್ರೂ ಒಂದೇ ಮೈಯಾಗ ಅದಾರಲ್ಲ ಅಕ್ಕಾರೆ, ಒಬ್ರಿಗೊಬ್ರು ಮಾತಾಡ್ತಾರೇನ್ರಿ?" ನಾನು ಮಂಗಳಾರತಿ ತೆಗೆದುಕೊಂಡೆ.

ಒಂದು ದಿನ ಲಗೇಜ್ ಆಟೋದಲ್ಲಿ ಕಾವಲಿ ಹೇರಿಕೊಂಡು ಅವಳು ದಾವಣಗೆರೆಗೆ, ನಿಜಲಿಂಗಪ್ಪ ಬಡಾವಣೆಯಲ್ಲಿದ್ದ ತಮ್ಮನ ಮನೆಗೆ ಹೋದಳು. ಆ ಕಾವಲಿ ಅವಳ ತಾಯಿಯದು. ಆನಗೋಡಿನಲ್ಲಿ ದೋಸೆ ಮಾರುತ್ತಿದ್ದ ಆ ತಾಯಿ ಮಗಳಿಗೆ ಬಂಗಾರ ಹಾಕಲಾಗದೆ, ಮದುವೆಯಲ್ಲಿ ಈ ಕಬ್ಬಿಣದ ಕಾವಲಿಯನ್ನೇ ಕೊಟ್ಟಿದ್ದಳು. ವರ್ಷಗಟ್ಟಲೆ ಎಣ್ಣೆ ಬೆಣ್ಣೆ ಕುಡಿದು ಅದು ಕಪ್ಪು ಕನ್ನಡಿಯಾಗಿತ್ತು. ದೋಸೆ ತಾನಾಗಿ ಮೇಲೇಳುತ್ತಿತ್ತು. ಅದನ್ನಿಟ್ಟುಕೊಂಡು ಸ್ವಂತ ಅಂಗಡಿ ತೆರೆಯಬೇಕು, ಓಬಕ್ಕನಿಗೆ ಬೇಕಾದದ್ದು ಅಷ್ಟೇ.

ಅವಳು ಹಿಡಿದ ವಕೀಲ ಬಸವಕಿರಣ್ ಇನ್ನೂ ಹೊಸಬ.

"ಹೋಟೆಲ್ ಕಟ್ಟಡ ನಿಮ್ಮ ಮಾವನ ಹೆಸರಲ್ಲಿದೆ. ಅದರಲ್ಲಿ ನಿಮಗೆ ಪಾಲಿಲ್ಲಮ್ಮ."

"ಅಲ್ಲಿ ಇಷ್ಟು ವರ್ಷ ಹೊಗೆ ಕುಡಿದೋಳು ನಾನು!"

"ಹೊಗೆಗೆ ಖಾತೆ ಇಲ್ಲ. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿ ಅರ್ಧ ಆಗಲ್ಲ. ಜೀವನಾಂಶ ಕೇಳೋಣ. ತವರಿಂದ ಬಂದದ್ದು ಮಾತ್ರ ಪೂರ್ತಿ ನಿಮ್ಮದೇ, ಸ್ತ್ರೀಧನ."

ವಿಚ್ಛೇದನಕ್ಕೆ ಒಪ್ಪಿಗೆಯೇ ಎಂದು ನ್ಯಾಯಾಧೀಶರು ಕೇಳಿದಾಗ ತೋಟಪ್ಪ, "ಒಂದು ಡೈವೋರ್ಸ್" ಎಂದ. ಜಗಳ ಉಳಿದದ್ದು ಕಾವಲಿಗೆ. ಅದು ಹೋಟೆಲಿನ ಸಾಮಾನು, ವಾಪಸು ಬರಬೇಕು ಎಂದು ಅವನ ವಕೀಲರು ವಾದಿಸಿದರು. ಕಾವಲಿ ಇಲ್ಲದೆ ದೋಸೆ ಇಲ್ಲ, ದೋಸೆ ಇಲ್ಲದೆ ಸಂಪಾದನೆ ಇಲ್ಲ, ಸಂಪಾದನೆ ಇಲ್ಲದವನು ಜೀವನಾಂಶ ಎಲ್ಲಿಂದ ಕೊಟ್ಟಾನು? ಆದ್ದರಿಂದ ಹೆಂಡತಿಗೆ ಜೀವನಾಂಶ ಬೇಕಿದ್ದರೆ ಮೊದಲು ಅವಳೇ ಕಾವಲಿ ಕೊಡಲಿ! ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು.

ಸಾಕ್ಷ್ಯ ಹಾಳಾಗಬಾರದೆಂದು ಬಸವಕಿರಣ್ ಕಾವಲಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ. ವಿಚಾರಣೆಯ ದಿನ ನಾನೂ ಹರಿಹರದಿಂದ ಬಸ್ಸಿನಲ್ಲಿ ದಾವಣಗೆರೆ ಕೋರ್ಟಿಗೆ ಹೋಗಿದ್ದೆ. ಇಬ್ಬರು ಆಳುಗಳು ಗೋಣಿಚೀಲದ ಕಟ್ಟನ್ನು ಮೆಟ್ಟಿಲು ಹತ್ತಿಸಿ ತಂದರು. ಬಸವಕಿರಣ್ ಹೆಮ್ಮೆಯಿಂದ ಚೀಲ ಸರಿಸಿದ. ಕಾವಲಿ ಹೊಸ ತಟ್ಟೆಯ ಹಾಗೆ ಫಳಫಳ ಹೊಳೆಯಿತು.

"ತುಂಬಾ ಜಿಡ್ಡಿತ್ತು ಸ್ವಾಮಿ. ಸೋಪಿನ ಪುಡಿ, ಇಟ್ಟಿಗೆ ಚೂರು ಹಾಕಿ ತಿಕ್ಕಿಸಿದೀನಿ."

"ಅಯ್ಯೋ ನಮ್ಮವ್ವಾ!" ಓಬಕ್ಕ ಎದೆ ಬಡಿದುಕೊಂಡಳು.

ಎದುರು ಬದಿಯಿಂದ ತೋಟಪ್ಪ ಓಡಿಬಂದ. "ಏ ಓಬಿ, ಯಾರೇ ಇದನ್ನ ತೊಳೆದೋರು? ಎಷ್ಟು ವರ್ಷ ಪಳಗಿಸಿದ್ದೆಲ್ಲೇ ನೀನು! ಇನ್ನ ದೋಸೆ ಹೆಂಗೆ ಏಳ್ತಾವೇ ಇದ್ರಾಗ?"

ಅಷ್ಟು ಉದ್ದದ ಮಾತನ್ನು ಅವನು ಹೆಂಡತಿಯೊಂದಿಗೆ ಆಡಿದ್ದನ್ನು ನಾನು ಅಂದೇ ಕೇಳಿದ್ದು.

"ಫೋಟೊ ತಂದಿದ್ರೆ ಸಾಕಿತ್ತಲ್ಲ ವಕೀಲರೇ," ಎಂದರು ನ್ಯಾಯಾಧೀಶರು.

ತೋಟಪ್ಪ ಕೈಮುಗಿದ. "ಸ್ವಾಮಿ, ಅದು ಅವಳದ್ದೇ. ಅವರವ್ವ ಕೊಟ್ಟದ್ದು. ನನಗೆ ಬ್ಯಾಡ." ಅವನ ವಕೀಲರು ಹಿಂದಿನಿಂದ ಅಂಗಿ ಜಗ್ಗುತ್ತಿದ್ದರು.

"ನನಗೂ ಬ್ಯಾಡ್ರಿ!" ಎಂದಳು ಓಬಕ್ಕ. "ತೊಳೆದದ್ದು ತಗೊಂಡು ಏನ್ ಮಾಡ್ಲಿ? ಅವರೇ ಒಯ್ಲಿ."

"ನಾನ್ಯಾಕ ಒಯ್ಲಿ? ನಿನ್ನ ಸ್ತ್ರೀಧನ!"

ಅಲ್ಲಿಯವರೆಗೆ ಇಬ್ಬರೂ ನನ್ನದು ಎನ್ನುತ್ತಿದ್ದ ವಸ್ತುವನ್ನು ಈಗ ಇಬ್ಬರೂ ನಿನ್ನದು ಎಂದು ಕಾದಾಡಿದರು. ನ್ಯಾಯಾಧೀಶರು ಇಬ್ಬರ ಮಾತನ್ನೂ ಕಾಗದದ ಮೇಲೆ ಬರೆದುಕೊಂಡರು.

ಆಮೇಲೆ ತೀರ್ಪು ಬಂತು. ವಿಚ್ಛೇದನ ಸಿಕ್ಕಿತು. ಕಾವಲಿ ತವರಿನ ಉಡುಗೊರೆ, ಬೇಕೋ ಬೇಡವೋ, ಓಬಕ್ಕನದೇ. ತೋಟಪ್ಪ ಬೇರೆ ಕಾವಲಿ ತಂದು ಹೋಟೆಲು ನಡೆಸುತ್ತಲೇ ಇದ್ದಾನೆ, ಆದ್ದರಿಂದ ಸಂಪಾದನೆ ಇಲ್ಲ ಎಂಬ ವಾದ ನಿಲ್ಲದು. ಓಬಕ್ಕನಿಗೆ ಕೆಲಸ ಬರುತ್ತದೆ ನಿಜ, ಆದರೆ ಕೆಲಸ ಬರುವುದು ಬೇರೆ, ಕೈಗೆ ದುಡ್ಡು ಬರುವುದು ಬೇರೆ. ಅವನ ಆದಾಯ, ಅವಳ ಖರ್ಚು, ಇಬ್ಬರೂ ಬದುಕಿದ ರೀತಿ ನೋಡಿ ತಿಂಗಳಿಗಿಷ್ಟು ಜೀವನಾಂಶ. ಮುಂದೆ ಪರಿಸ್ಥಿತಿ ಬದಲಾದರೆ ಯಾರು ಬೇಕಾದರೂ ಬಂದು ಕೇಳಬಹುದು.

ಬಡಾವಣೆಯ ತುದಿಯಲ್ಲಿ ತಗಡಿನ ಅಂಗಡಿ ಎದ್ದಿತು. ಓಬಕ್ಕ ಕಾವಲಿಗೆ ಎಣ್ಣೆ ಬಳಿದಳು, ಅರ್ಧ ಈರುಳ್ಳಿಯಿಂದ ಉಜ್ಜಿದಳು, ತಾಯಿಯನ್ನು ನೆನೆದು ಕೈಮುಗಿದಳು. ದೋಸೆಗಳು ಚಿಂದಿ ಚಿಂದಿಯಾಗಿ ಬಂದವು. ಅಂಥದ್ದಕ್ಕೆ ದುಡ್ಡು ಕೇಳಲು ಮನಸ್ಸಾಗದೆ ಬಂದವರಿಗೆಲ್ಲ ಸುಮ್ಮನೆ ಕೊಟ್ಟಳು. ನಾನೂ ತಿಂದೆ.

ಮೊದಲ ತಿಂಗಳ ಜೀವನಾಂಶವನ್ನು ತೋಟಪ್ಪ ಕೈಯಾರೆ ತಂದ. ಕೊಟ್ಟು, ಬೆಂಚಿನ ಮೇಲೆ ಕೂತ. ಚಿಂದಿ ದೋಸೆ ತಿಂದ.

"ಉರಿ ಕಮ್ಮಿ ಮಾಡು."

"ನಿಮ್ಮ ಹೊಸ ಕಾವಲಿ ಹೆಂಗೈತೆ?"

"ಅದೂ ಅಂಟ್ತೈತೆ." ಅವನು ಕೈ ತೊಳೆದು ಹೊರಟ.

"ಬಿಲ್ಲು?" ಎಂದಳು ಓಬಕ್ಕ.

"ಈಗ ಕೊಟ್ಟೆನಲ್ಲ, ಅದ್ರಾಗ ಹಿಡ್ಕೋ."

"ಅದನ್ನ ಕೋರ್ಟು ನನ್ನ ಹೊಟ್ಟೆಗೆ ಕೊಡಿಸಿದ್ದು. ನಿಮ್ಮ ಹೊಟ್ಟೆಗಲ್ಲ."

ತೋಟಪ್ಪ ಜೇಬು ತಡಕಿ ನೋಟು ತೆಗೆದಿಟ್ಟ. ಆ ಅಂಗಡಿಯಲ್ಲಿ ದುಡ್ಡು ಕೊಟ್ಟು ತಿಂದ ಮೊದಲ ಗಿರಾಕಿ ಅವನೇ. ಓಬಕ್ಕ ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದಳು, ಕಾವಲಿಗೆ ಮತ್ತೆ ಎಣ್ಣೆ ಸವರಿದಳು.