ಅಕ್ಕ ಸುಣ್ಣ ಬಳಿದ ವಿಮಾನ

ನಾನು ಚಿಕ್ಕವನಿದ್ದಾಗ ದೋಹಾದಲ್ಲಿ ನಮಗೆ ಗೊತ್ತಿದ್ದ ಹಿಮವೆಂದರೆ ಫ್ರಿಡ್ಜಿನ ಮೇಲಿನ ಖಾನೆಯಲ್ಲಿ ಕಟ್ಟುತ್ತಿದ್ದ ಬಿಳಿ ಪದರ, ಅಷ್ಟೇ. ಒಂದು ಶುಕ್ರವಾರ ಅಪ್ಪ ಆಟಿಕೆ ವಿಮಾನದ ಪೆಟ್ಟಿಗೆ ತಂದರು. ಪ್ಲಾಸ್ಟಿಕ್ ತುಂಡುಗಳನ್ನು ನಾವೇ ಅಂಟಿಸಬೇಕು, ನಾವೇ ಬಣ್ಣ ಹಚ್ಚಬೇಕು. ಮಹಾಯುದ್ಧದ ಕಾಲದ ರಷ್ಯಾದ ವಿಮಾನವದು. ರೆಕ್ಕೆಯ ಮೇಲೊಂದು ರೆಕ್ಕೆ. ಮಕ್ಕಳು ನಾವಿಬ್ಬರು, ವಿಮಾನ ಒಂದೇ.

ಅಪ್ಪ ಕುಂಚವನ್ನು ಅಕ್ಕನಿಗೆ ಕೊಟ್ಟರು. "ನೀನು ಅಂಟಿನ ಬಾಟ್ಲಿ ಹಿಡ್ಕೊ ಮಾರಾಯ, ನಿನ್ನ ಕೈ ಒಂದು ಕಡೆ ನಿಲ್ಲುದಿಲ್ಲ" ಎಂದರು. ಅಕ್ಕನ ಅಕ್ಷರ ಮುತ್ತಿನಂತೆ, ಅಕ್ಕನ ಜಡೆ ಅಚ್ಚುಕಟ್ಟು, ಈಗ ಕುಂಚವೂ ಅಕ್ಕನಿಗೇ! ನನ್ನ ಹೊಟ್ಟೆ ಉರಿದುಹೋಯಿತು.

ಹಸಿರು ಬಣ್ಣ ಒಣಗಿದ ಮೇಲೆ ಅಪ್ಪ ಪೆಟ್ಟಿಗೆಯ ಚಿತ್ರ ತೋರಿಸಿದರು. ಚಳಿಗಾಲದಲ್ಲಿ ರಷ್ಯಾದವರು ಹಸಿರಿನ ಮೇಲೆ ಬಿಳಿ ಬಳಿಯುತ್ತಿದ್ದರಂತೆ, ಹಿಮದ ನಡುವೆ ವಿಮಾನ ಶತ್ರುವಿಗೆ ಕಾಣಬಾರದೆಂದು. ಹಿಮ ಕರಗಿದಾಗ ಅದನ್ನು ತೊಳೆದುಬಿಡುತ್ತಿದ್ದರಂತೆ. ಪೆಟ್ಟಿಗೆಯಲ್ಲಿ ಬಿಳಿ ಬಣ್ಣವಿರಲಿಲ್ಲ. ಅಕ್ಕ ನೆಟ್ಟಗೆ ಹೋಗಿ, ಊರಿನಿಂದ ಬಂದಿದ್ದ ಅಜ್ಜಿಯ ಎಲೆಅಡಿಕೆ ಡಬ್ಬಿಯಿಂದ ಸುಣ್ಣ ತಂದು, ನೀರು, ಗೋಂದು ಬೆರೆಸಿ ಬಳಿದಳು. ಸುಣ್ಣದ ಘಾಟು ಮೂಗಿಗೆ ಬಡಿಯಿತು. ಕೆಟ್ಟುಹೋಗಲಿ ದೇವರೇ ಎಂದುಕೊಂಡೆ. ಕೆಡಲಿಲ್ಲ. ಅಲ್ಲಲ್ಲಿ ತೆಳುವಾಗಿ ಹಸಿರು ಇಣುಕಿ, ಥೇಟ್ ಚಿತ್ರದಂತೆಯೇ ಆಯಿತು. "ಭಾರೀ ಲಾಯ್ಕಾಯ್ತು ಮಗಾ!" ಎಂದು ಅಪ್ಪ ಅವಳ ಬೆನ್ನು ತಟ್ಟಿದರು.

"ಇಲ್ಲಿ ಹಿಮ ಎಲ್ಲುಂಟು? ಬಿಳಿ ಬಳಿದ್ರೆ ದೂರದಿಂದಲೇ ಕಾಣ್ತದೆ" ಎಂದು ನಾನು ಕೊಂಕು ನುಡಿದೆ.

"ಹಾಗಾದ್ರೆ ಯಲ್ಲಾ, ಶುರು ಮಾಡಿ, ಒಬ್ಬೊಬ್ಬರಾಗಿ ಅಡಗಿಸಿ. ನನಗೆ ಸಿಗದ ಹಾಗೆ ಅಡಗಿಸಿದವರಿಗೆ ವಿಮಾನ" ಎಂದರು ಅಪ್ಪ.

ಅಕ್ಕ ಅದನ್ನು ಸುಣ್ಣ ಹೊಡೆದ ಕಟ್ಟೆಯ ಮೇಲಿಟ್ಟಳು. ಅಪ್ಪ ಅದರ ಮುಂದೆಯೇ ದಾಟಿಹೋಗಿ, ಹಿಂತಿರುಗುವಾಗ ಕಂಡುಹಿಡಿದರು. ನನ್ನ ಸರದಿ ಬಂದಾಗ, ಇನ್ನೂ ಹಸಿಯಾಗಿದ್ದ ವಿಮಾನವನ್ನು ಅಂಗಳದ ಮರಳಿನಲ್ಲಿ ಚೆನ್ನಾಗಿ ಹೊರಳಿಸಿ ಅಲ್ಲೇ ಬಿಟ್ಟೆ. ಗೋಂದಿಗೆ ಮರಳು ಮೆತ್ತಿಕೊಂಡು ವಿಮಾನವೇ ಮಾಯ! ಅಪ್ಪ ಹುಡುಕಿದರು, ಹುಡುಕಿದರು, ಕೊನೆಗೆ ಚಟ್ಟೆಂದು ಸದ್ದಾಯಿತು. ವಿಮಾನ ಅವರ ಕಾಲಡಿಯಲ್ಲಿತ್ತು.

ಗೆದ್ದವನು ನಾನೇ. ಆದರೆ ಅಪ್ಪ ತಬ್ಬಿಕೊಂಡು ಸಮಾಧಾನ ಮಾಡಿದ್ದು ಅಳುತ್ತಿದ್ದ ಅಕ್ಕನನ್ನು. ಮುರಿಯದೆ ಉಳಿದ ಎರಡು ರೆಕ್ಕೆಗಳಲ್ಲಿ ಮೇಲಿನದು ಅವಳಿಗೆ ಹೋಯಿತು, ಕೆಳಗಿನದು ನನಗೆ ಬಂತು. ಮೇಲಿನದೇ ಚೆನ್ನಾಗಿತ್ತೆಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಮೊಮ್ಮಕ್ಕಳೇ, ನೀವು ಇದೇ ದೋಹಾದ ಮಾಲ್‌ನಲ್ಲಿ ಜಾಕೆಟ್ ತೊಟ್ಟು ಹಿಮದ ಮೇಲೆ ಜಾರಿ ಬರುತ್ತೀರಿ. ಅದಕ್ಕೆ ನನಗೆ ನಿಜವಾಗಿಯೂ ಹೊಟ್ಟೆಕಿಚ್ಚು. ಮೊನ್ನೆ ನಿಮ್ಮ ಅಪ್ಪ ಜಗಳ ಬೇಡವೆಂದು ಒಂದೇ ತರದ ಎರಡು ವಿಮಾನ ತಂದ. ನೀವಿಬ್ಬರೂ ನಿಮ್ಮ ನಿಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಇನ್ನೊಬ್ಬರದು ಹೇಗಾಯಿತೆಂದು ಯಾರೂ ಇಣುಕಿ ನೋಡಲಿಲ್ಲ. ಅದಕ್ಕೆ ಮಾತ್ರ ನನಗೆ ಹೊಟ್ಟೆಕಿಚ್ಚಾಗಲಿಲ್ಲ.