ಬತ್ತಿ ಒಣಗಿದ ಏಪ್ರಿಲ್

ಅರವತ್ತರ ದಶಕದ ಕೊನೆಯಲ್ಲಿ ನಾನು ಮುಂಬಯಿಯ ಗ್ರಾಂಟ್ ರೋಡಿನ ಒಂದು ಕನ್ಸಲ್ಟಿಂಗ್ ಆಫೀಸಿನಲ್ಲಿ ಲೆಕ್ಕ ಮಾಡುವ ಕೆಲಸಕ್ಕಿದ್ದೆ. ಟೆಂಪರರಿ. ನಮ್ಮ ವಿಜಾಪುರದ ಕಡೆ ತೋಡಲಿದ್ದ ಕಾಲುವೆಗಾಗಿ ಯಾವ ತಿಂಗಳು ಯಾವ ಬೆಳೆಗೆ ಎಷ್ಟು ನೀರು ಬೇಕೆಂದು ನಾವು ಹೇಳಬೇಕಿತ್ತು. ಕಾಲುವೆಯ ಅಗಲ ಅದರ ಮೇಲೆ ನಿಂತಿತ್ತು. ಅಲ್ಲಿಂದ ಬಂದ ಹವಾಮಾನದ ರಿಜಿಸ್ಟರಿನಲ್ಲಿ ಗಾಳಿಯ ಕಾಲಂ ಪೂರ್ತಿ ಖಾಲಿ, ಬಿಸಿಲಿನದು ಅರ್ಧ. ಅದು ನನ್ನನ್ನು ಕಾಡಲಿಲ್ಲ. ಖಾಲಿ ಕಾಲಂ ಸುಳ್ಳನ್ನಾದರೂ ಹೇಳುವುದಿಲ್ಲ.

ಸುಳ್ಳು ಹೇಳಿದ್ದು ತುಂಬಿದ ಕಾಲಂ. ಗಾಳಿಯ ತೇವ ಅಳೆಯಲು ಎರಡು ಥರ್ಮಾಮೀಟರ್ ಇಡುತ್ತಾರೆ. ಒಂದರ ಬುಡಕ್ಕೆ ಸುತ್ತಿದ ಬತ್ತಿ ಬಟ್ಟಲಿನ ನೀರು ಹೀರಿ ಒದ್ದೆಯಾಗಿರಬೇಕು. ಗಾಳಿ ಒಣಗಿದ್ದಷ್ಟೂ ಅದು ತಣ್ಣಗಾಗಿ ಕಡಿಮೆ ತೋರಿಸುತ್ತದೆ. ನಮ್ಮ ರಿಜಿಸ್ಟರಿನಲ್ಲಿ ಏಪ್ರಿಲ್, ಮೇ ತುಂಬ ಎರಡಕ್ಕೂ ಒಂದೇ ಅಂಕಿ. ಬಟ್ಟಲಿಗೆ ಯಾರೂ ನೀರು ಹಾಕಿರಲಿಲ್ಲ, ಅಷ್ಟೇ. ನೀರಿನ ಲೆಕ್ಕ ಹಾಕುವ ಸೂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು? ಗಾಳಿಯಲ್ಲಿ ನೂರಕ್ಕೆ ನೂರು ತೇವವಿದೆ, ಬೆಳೆಗೆ ನೀರು ಅಷ್ಟೇನೂ ಬೇಡ ಎಂದು ಉತ್ತರ ಬಂತು.

ನಮ್ಮ ಸಾಹೇಬರು ಮಂಗಳೂರಿನ ಕಡೆಯವರು. ಅಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆವರಿದವರಿಗೆ ಒಣ ಗಾಳಿ ಎಂದರೇನೆಂದೇ ಗೊತ್ತಿರಲಿಲ್ಲ.

“ಮೇ ತಿಂಗಳಲ್ಲಿ ಸೆಕೆ ಇರುವುದೇ ಅಲ್ವಾ? ಇಲ್ಲಿ ಸಹ ಹಾಗೇ ಉಂಟು,” ಎಂದರು, ನಾನು ಆ ಅಂಕಿ ತೋರಿಸಿದಾಗ.

“ಸರ್, ನಾ ಮ್ಯಾಟ್ರಿಕ್ ತನಕ ಅಲ್ಲೇ ಬೆಳದೀನ್ರಿ. ಬ್ಯಾಸಿಗ್ಯಾಗ ಹಸಿ ಸೀರಿ ಹರವೂದ್ರಾಗ ಒಣಗತದ. ಈ ಎರಡು ತಿಂಗಳ ತೇವದ ಅಂಕಿ ಹೊಡದು ಹಾಕಿ, ಬರೇ ಉಷ್ಣತೆ, ಹಗಲಿನ ಉದ್ದ ಹಿಡದು ಅಂದಾಜು ಮಾಡೋಣ್ರಿ. ಎಂಟು ದಿವಸ ಸಾಕು.”

“ರಿಪೋರ್ಟ್ ನಾಳೆ ಹೋಗಬೇಕು ಮಾರಾಯ್ರೆ. ನಿಮ್ಮನ್ನು ಪರ್ಮನೆಂಟ್ ಮಾಡುವ ಕಾಗದ ಸಹ ನನ್ನ ಮೇಜಿನ ಮೇಲೆಯೇ ಉಂಟು.”

ಕುರ್ಲಾದ ಚಾಳಿನ ಒಂದು ಖೋಲಿಯಲ್ಲಿ ನಾವು ಆರು ಜನ, ದುಡಿಯುವವಳು ನಾನೊಬ್ಬಳೇ. ಇದನ್ನು ನೆಪವಾಗಿ ಬಹಳ ವರ್ಷ ಬಳಸಿದ್ದೇನೆ. ಅಕ್ಷರ ದುಂಡಗಿದೆಯೆಂದು ಅದೇ ಅಂಕಿಗಳ ಕೋಷ್ಟಕವನ್ನು ನನ್ನ ಕೈಯಲ್ಲೇ ಬರೆಸಿದರು. ಬರೆದೆ. ಅವರ ಮೇಲಿನ ಸಿಟ್ಟು ದಿನ ಕಳೆದಂತೆ ಆರಿತು. ನನ್ನ ಮೇಲಿನದು ಆರಲಿಲ್ಲ.

ಕೆಲಸ ಖಾಯಂ ಆಯಿತು, ಕೆಲವು ವರ್ಷಗಳಲ್ಲಿ ಕಾಲುವೆಯೂ ಆಯಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಸೋದರತ್ತೆ ಊರಿನಿಂದ ಬಂದಳು. ಅವಳ ಹೊಲ ಆ ಕಾಲುವೆಯ ಕೊನೆಗಿದೆ.

“ಬ್ಯಾಸಿಗಿ ಶೇಂಗಾಕ್ಕ ನೀರ ಮುಟ್ಟವಲ್ದು ತಂಗಿ. ಮ್ಯಾಲಿನವರಿಗೇ ಸಾಲಂಗಿಲ್ಲ. ಕಾಲುವೀನ ಸಣ್ಣದು ಮಾಡ್ಯಾರಂತ. ನೀ ಅಂಥಾ ಆಫೀಸಿನ್ಯಾಗ ಅದೀ, ಎಲ್ಲಿ ತಪ್ಪೇದ ಅಂತ ಯಾರನ್ನರ ಕೇಳಿ ನೋಡು,” ಎಂದಳು.

“ಕೇಳತೀನಿ ಅತ್ತಿ,” ಎಂದೆ.

ಅವಳು ನಂಬಿದಳು. ಹೊರಡುವಾಗ, ಮನೆತನದಲ್ಲಿ ಓದಿದವಳು ಒಬ್ಬಳಿದ್ದರೆ ಎಷ್ಟು ಆಸರೆ ಎಂದು ನನ್ನ ತಲೆ ಸವರಿದಳು.